ಮಂದಿರಕ್ಕೆ ಬಾರದ ಹೊಗೆ

ತೂಕದಣ್ಣನಿಗೆ ಆ ಹೆಸರು ಮೈತೂಕದಿಂದ ಬಂದದ್ದಲ್ಲ. ಮೈ ನೋಡಿದರೆ, ಅರ್ಧ ತೆರೆದ ತಗಡಿನ ಬಾಗಿಲಲ್ಲಿ ಅಡ್ಡಡ್ಡ ನುಸುಳಿಬಿಡುವಂಥ ಆಳು. ಹೆಸರು ಬಂದದ್ದು ತಕ್ಕಡಿಯಿಂದ. ಹಳೇ ಕಬ್ಬಿಣ, ರಟ್ಟು, ಒಡೆದ ಬಕೆಟ್ಟು, ಸುಟ್ಟ ಮೋಟಾರು ಕೊಳ್ಳುವ ಗುಜರಿ ವ್ಯಾಪಾರದಲ್ಲಿ ತಕ್ಕಡಿ ಎಂದರೆ ಅರ್ಧ ನಾಟಕ. ತಟ್ಟೆಯಡಿ ಆಯಸ್ಕಾಂತ ಅಂಟಿಸುವವರು, ಮೊಣಕೈಯಲ್ಲಿ ಮೆಲ್ಲಗೆ ಎತ್ತಿ ಹಿಡಿಯುವವರು, ಮುಳ್ಳು ನಿಲ್ಲುವ ಮೊದಲೇ 'ಹಾಂ, ಎಂಟೂವರೆ' ಎಂದು ಕೂಗಿ ಮಾಲನ್ನು ರಾಶಿಗೆ ಎಸೆಯುವವರು, ಎಲ್ಲರೂ ಆ ರಸ್ತೆಯಲ್ಲಿದ್ದರು. ತೂಕದಣ್ಣ ಮಾತ್ರ ಮುಳ್ಳು ನಿಂತ ಮೇಲೂ ಒಂದು ಉಸಿರಿನಷ್ಟು ಹೊತ್ತು ಕಾದು, ಮಾಲು ತಂದವರನ್ನೇ ಹತ್ತಿರ ಕರೆದು, 'ನೀವೇ ನೋಡಿ ಹೇಳಿ' ಎನ್ನುತ್ತಿದ್ದ. ಇದರಿಂದ ಅವನಿಗೆ ನಷ್ಟವೇನೂ ಆಗಲಿಲ್ಲ. ಊರಿನ ಅರ್ಧ ಗುಜರಿ ಅವನ ಅಂಗಳಕ್ಕೇ ಬಂದು ಬಿತ್ತು. ಪ್ರಾಮಾಣಿಕತೆಗಿಂತ ಒಳ್ಳೆಯ ಬೋರ್ಡನ್ನು ಯಾವ ಪೇಂಟರೂ ಬರೆದುಕೊಡಲಾರ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ನಿಜವಾಗಿಯೇ ಪ್ರಾಮಾಣಿಕನಾಗಿದ್ದ ಎನ್ನುವುದನ್ನು ಅವನ ಪರವಾಗಿ ಹೇಳಲೇಬೇಕು.

ಅವನ ಅಪ್ಪ ಬೀದಿ ಬೀದಿ ಸುತ್ತಿ ಹಳೇ ಸಾಮಾನು ಆಯುತ್ತಿದ್ದವನು. ಅಪ್ಪ ಸತ್ತಾಗ ಮಗನಿಗೆ ಉಳಿದದ್ದು ಒಂದು ತಳ್ಳುಗಾಡಿ, ಒಂದಷ್ಟು ದೈವಭಕ್ತಿ. ತಳ್ಳುಗಾಡಿ ನಾಲ್ಕು ವರ್ಷಕ್ಕೆ ಮುರಿದುಬಿತ್ತು. ಭಕ್ತಿ ಗಟ್ಟಿಮುಟ್ಟಾಗಿ ಬಾಳಿಕೆ ಬಂತು. ದಿನಾ ಬೆಳಗ್ಗೆ ಅಂಗಳದ ಬೀಗ ತೆಗೆಯುವ ಮೊದಲು ಪ್ರಾರ್ಥನಾ ಮಂದಿರಕ್ಕೆ ಹೋಗಿ, ಎರಡನೇ ಕಂಬದ ಪಕ್ಕ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದ. ದೇವರ ಹತ್ತಿರ ಚೌಕಾಸಿ ಮಾಡಿದವನಲ್ಲ. ದೇವರಿಗೆ ಮಾತು ಅಂತ ಕೊಟ್ಟದ್ದು ಇಡೀ ಆಯಸ್ಸಿನಲ್ಲಿ ಒಂದೇ ಸಲ. ಕೊಟ್ಟ ಮಾತನ್ನು ಹದಿನಾಲ್ಕು ವರ್ಷ ಕೂದಲೆಳೆಯಷ್ಟೂ ತಪ್ಪದೆ ನಡೆಸಿದ. ಅವನು ಕೆಟ್ಟದ್ದು ಅಲ್ಲೇ.

ಅವನ ಅಂಗಳ ಇದ್ದದ್ದು ಇಳಿಜಾರಿನ ನಡುವೆ. ಮೇಲಕ್ಕೆ ಇನ್ನೂರು ಹೆಜ್ಜೆ ಹತ್ತಿದರೆ ಬಿಳೀ ಗೋಡೆಯ ಪ್ರಾರ್ಥನಾ ಮಂದಿರ. ಕೆಳಕ್ಕೆ ಅಷ್ಟೇ ಹೆಜ್ಜೆ ಇಳಿದರೆ ಮೋರಿಯ ಪಕ್ಕದ ತಗ್ಗಿನ ಓಣಿ. ಅವನಲ್ಲಿ ಕೆಲಸ ಮಾಡುವವರೆಲ್ಲ ಆ ಓಣಿಯವರೇ. ಗೋಡೆಗೆ ಗೋಡೆ ಅಂಟಿಕೊಂಡ ಸಣ್ಣ ಮನೆಗಳು, ಮನೆಯಿಂದ ಮನೆಗೆ ಕಟ್ಟಿದ ಬಟ್ಟೆಯ ಹಗ್ಗ.

ಗುಜರಿಯಲ್ಲಿ ತಾಮ್ರ ಎಂದರೆ ರಾಜ. ವೈರಿನ ಹೊಟ್ಟೆಯೊಳಗಿನ ತಾಮ್ರ ಬೇಕೆಂದರೆ ಒಂದೋ ಸಿಪ್ಪೆ ಸುಲಿಯಬೇಕು, ಇಲ್ಲವೋ ಸುಡಬೇಕು. ಸುಲಿದ ತಾಮ್ರ ಹೊಳೆಯುತ್ತದೆ, ಆದರೆ ಕೆಲಸ ಆಮೆ ನಡಿಗೆ. ಸುಟ್ಟದ್ದು ಕಪ್ಪಗಾಗುತ್ತದೆ, ಆದರೆ ಒಂದು ಗಂಟೆಯಲ್ಲಿ ಒಂದು ರಾಶಿ ಮುಗಿಯುತ್ತದೆ. ಮೊದಲೆಲ್ಲ ತೂಕದಣ್ಣ ಸುಲಿಸುತ್ತಿದ್ದ. ಆ ಕೆಲಸಕ್ಕೆಂದು ಬಂದವಳೇ ಸಿಪ್ಪೆಯಕ್ಕ. ಗಂಡ ಸತ್ತು, ಒಬ್ಬ ಮಗಳನ್ನು ಕಟ್ಟಿಕೊಂಡು ಬಂದ ಹೆಂಗಸು. ಕಾಲಿನ ಹೆಬ್ಬೆರಳಲ್ಲಿ ವೈರಿನ ತುದಿಯನ್ನು ಒತ್ತಿ ಹಿಡಿದು, ಗಿಡ್ಡ ಚಾಕುವಿನಲ್ಲಿ ಒಂದೇ ಗೀಟು ಎಳೆದರೆ ಸಿಪ್ಪೆ ಉದ್ದಕ್ಕೆ ರಿಬ್ಬನ್ನಿನ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಬಾಯಿಯೂ ಚಾಕುವಿನಷ್ಟೇ ಚುರುಕು. ಹಾಗಾಗಿ ಆ ಹೆಸರು.

ಮುಂದೆ ಕಂಪ್ಯೂಟರು, ಚಾರ್ಜರು, ಮಕ್ಕಳ ಆಟದ ಸಾಮಾನು ಎಲ್ಲ ಗುಜರಿಗೆ ಬರತೊಡಗಿದವು. ಅವುಗಳ ವೈರು ನೂಲಿನಂತೆ ಸಣ್ಣ. ಸುಲಿಯುತ್ತ ಕೂತರೆ ಮೂರು ಜನ್ಮ ಬೇಕು. ತೂಕದಣ್ಣ ಅಂಗಳದ ಹಿಂದೆ ಒಂದು ಗುಂಡಿ ತೋಡಿಸಿದ. ನಂಬಿಕಸ್ಥರ ಕೈಯಲ್ಲಿ ಇರಲಿ ಎಂದು ಸುಡುವ ಕೆಲಸವನ್ನು ಸಿಪ್ಪೆಯಕ್ಕನಿಗೆ ವಹಿಸಿದ. ಅದನ್ನು ಬಡ್ತಿ ಎಂದೇ ಇಬ್ಬರೂ ತಿಳಿದಿದ್ದರು. ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಅವಳು ಉರಿಯನ್ನು ಕೆದಕುತ್ತಿದ್ದರೆ, ಜ್ವಾಲೆ ಹಸಿರಾಗಿ, ನೀಲಿಯಾಗಿ, ನೋಡಲು ಚಂದವಾಗಿ ಏಳುತ್ತಿತ್ತು. ಹೊಗೆ ಮಾತ್ರ ಕಪ್ಪಗೆ ಜಿಡ್ಡು ಜಿಡ್ಡು.

ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಗಾಳಿ ಮೇಲ್ಮುಖವಾಗಿ ಬೀಸಿ, ಆ ಹೊಗೆ ವಾರದ ಪ್ರಾರ್ಥನೆಯ ನಡುವೆ ಮಂದಿರದೊಳಕ್ಕೆ ನುಗ್ಗಿತು. ಆಗಿನ ವಯಸ್ಸಾದ ಗುರುಗಳು ಅರ್ಧ ವಾಕ್ಯದಲ್ಲಿ ಕೆಮ್ಮತೊಡಗಿದರು. ನೀರು ಕುಡಿಸಿ ಕೂರಿಸಬೇಕಾಯಿತು. ಇಡೀ ಮಂದಿರ ಹಿಂತಿರುಗಿ ಎರಡನೇ ಕಂಬದ ಕಡೆ ನೋಡಿತು. ಯಾರೂ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ಒಳ್ಳೆಯದಿತ್ತು ಎಂದು ತೂಕದಣ್ಣನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆ ಹೊತ್ತು ಅವನು ತಲೆ ತಗ್ಗಿಸಿ ಮನಸ್ಸಿನಲ್ಲೇ ಹೇಳಿದ: ದೇವರೇ, ಇನ್ನು ಮೇಲೆ ನನ್ನ ಹೊಗೆ ನಿನ್ನ ಮನೆ ಮುಟ್ಟಲ್ಲ.

ಸುಡುವುದನ್ನು ಬಿಡುತ್ತೇನೆ ಅಂತ ಹೇಳಲಿಲ್ಲ ನೋಡಿ. ವ್ಯಾಪಾರಿ ಎಷ್ಟೇ ಭಕ್ತನಾದರೂ ಮಾತು ಕೊಡುವಾಗ ತೂಗಿಯೇ ಕೊಡುತ್ತಾನೆ.

ಮಾರನೆಯ ದಿನವೇ ಅಂಗಳದಲ್ಲಿ ಎರಡಾಳೆತ್ತರದ ಪೈಪು ನೆಡಿಸಿ, ಅದರ ತುದಿಗೆ ಗುಜರಿಗೆ ಬಂದ ಹಳೇ ಕ್ಯಾಸೆಟ್ಟಿನ ಟೇಪನ್ನು ಮಾರುದ್ದ ಬಿಚ್ಚಿ ಕಟ್ಟಿದ. ಸಣ್ಣ ಗಾಳಿಗೂ ಆ ಟೇಪು ಮಿರಿಮಿರಿ ಎನ್ನುತ್ತ ದಿಕ್ಕು ತೋರಿಸುತ್ತಿತ್ತು. ಮಂದಿರದ ಕಡೆ ತಿರುಗಿದರೆ ಬೆಂಕಿ ಇಲ್ಲ, ಎಷ್ಟೇ ಮಾಲು ಬಿದ್ದಿರಲಿ. ತಗ್ಗಿನ ಓಣಿಯ ಕಡೆ ತಿರುಗಿದರೆ 'ಹಚ್ಚಕ್ಕ' ಎನ್ನುತ್ತಿದ್ದ. 'ಗಾಳಿಗೆ ಬೆನ್ನು ಕೊಟ್ಟು ನಿಲ್ಲು' ಎಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದ. ಬೆಂಕಿ ಆರಿದ ಮೇಲೆ ಅವನೇ ಕೈಯಾರೆ ಒಂದು ಲೋಟ ಹಾಲು ಕೊಡುತ್ತಿದ್ದ. ಹಾಲು ಕುಡಿದರೆ ಗಂಟಲಿನ ಹೊಗೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ಅವಳು ಹಾಲು ಕುಡಿದು, ಬಾಯೊರೆಸಿಕೊಂಡು, ಇಳಿಜಾರು ಇಳಿದು ಮನೆಗೆ ಹೋಗುತ್ತಿದ್ದಳು. ಹೊಗೆ ಅವಳಿಗಿಂತ ಮೊದಲೇ ಮನೆ ಸೇರಿರುತ್ತಿತ್ತು.

ತೂಕದಣ್ಣನಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವನು ಹದಿನಾಲ್ಕು ವರ್ಷ ಆ ಓಣಿಗೆ ಕಾಲಿಡಲಿಲ್ಲ. ಮೋರಿಯಾಚೆಯ ಬಜಾರಿಗೆ ಹೋಗಬೇಕಾದರೂ ಊರು ಸುತ್ತಿ ಹೋಗುತ್ತಿದ್ದ. ಹೆಂಡತಿ ಕೇಳಿದರೆ, 'ಆ ಕಡೆ ರಸ್ತೆ ಸರಿಯಿಲ್ಲ ಕಣೆ' ಎನ್ನುತ್ತಿದ್ದ.

ಹಳೆಯ ಗುರುಗಳು ತೀರಿಕೊಂಡ ಮೇಲೆ ಹೊಸ ಗುರುಗಳು ಬಂದರು. ವಯಸ್ಸು ಚಿಕ್ಕದು, ದನಿ ದೊಡ್ಡದು. ನೀರು, ಮಣ್ಣು, ಗಾಳಿ ಎಲ್ಲವೂ ದೇವರು ನಮ್ಮ ಕೈಯಲ್ಲಿ ಇಟ್ಟುಹೋದ ಸ್ವತ್ತು, ಅದನ್ನು ಕೆಡಿಸಿದವನ ಪ್ರಾರ್ಥನೆ ಗಂಟಲಿನಿಂದ ಮೇಲೇಳುವುದಿಲ್ಲ ಎಂದು ಅವರು ಹೇಳುತ್ತಿದ್ದರೆ, ತೂಕದಣ್ಣ ಕಂಬಕ್ಕೆ ಇನ್ನಷ್ಟು ಒತ್ತಿಕೊಂಡು ಕೂರುತ್ತಿದ್ದ. ಅವರು ಸೃಷ್ಟಿ ರಕ್ಷಣಾ ಸಮಿತಿ ಎಂದು ಒಂದನ್ನು ಮಾಡಿದರು. ಅಧ್ಯಕ್ಷರು ಯಾರಾಗಬೇಕು ಎಂಬ ಮಾತು ಬಂದಾಗ ನೇರ ಎರಡನೇ ಕಂಬದ ಕಡೆ ಕೈ ತೋರಿಸಿದರು.

"ಊರು ಬಿಸಾಡಿದ್ದನ್ನ ಮತ್ತೆ ಬಳಕೆಗೆ ತರೋರು ಇವರು. ಇವರಿಗಿಂತ ಯೋಗ್ಯರು ಯಾರಿದ್ದಾರೆ?"

"ನಾನು ಓದಿದೋನಲ್ಲ ಗುರುಗಳೇ," ಎಂದ ತೂಕದಣ್ಣ.

"ಗಿಡಮರ ಯಾವ ಶಾಲೆಗೆ ಹೋಗಿವೆ ಅಣ್ಣ?"

ಎಲ್ಲರೂ ನಕ್ಕರು. ಯಾರೋ ಹಿಂದಿನಿಂದ, "ಇಷ್ಟು ವರ್ಷದಲ್ಲಿ ಅವರ ಅಂಗಳದ ಹೊಗೆ ಒಂದು ದಿನಾನೂ ಇಲ್ಲಿಗೆ ಬಂದಿಲ್ಲ," ಎಂದು ಸೇರಿಸಿದರು. ಹೌದೌದು ಎಂದು ತಲೆಗಳು ಆಡಿದವು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಅವನ ಮುಖವನ್ನೇ ನೋಡಿ, "ಒಪ್ಕೊಂಡ್ರಾ?" ಎಂದಳು. "ಗುರುಗಳ ಮಾತು ಹೆಂಗೆ ತೆಗೆದುಹಾಕೋದು?" ಎಂದ. "ಹೌದು, ತೆಗೆಯೋಕಾಗಲ್ಲ," ಎಂದು ಅವಳು ಒಳಗೆ ಹೋದಳು. ಆ ಒಪ್ಪಿಗೆ ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಅದೇ ವಾರ ಸಿಪ್ಪೆಯಕ್ಕ ಒಂದು ಕಾಗದ ಹಿಡಿದು ಅವನ ಮೇಜಿನ ಮುಂದೆ ನಿಂತಳು. ಅವಳ ಕೆಮ್ಮು ಹೊಸದಲ್ಲ. ಆದರೆ ಈಚೆಗೆ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದುಕೊಳ್ಳುತ್ತಿದ್ದಳು.

"ಅಣ್ಣ, ಇಲ್ಲೊಂದು ಸಹಿ ಬೇಕಿತ್ತು."

"ಏನದು?"

"ಡಾಕ್ಟ್ರು ಕೊಟ್ಟಿದ್ದು. ಎದೆರೋಗದ ಆಸ್ಪತ್ರೇಲಿ, ಕೆಲಸದಿಂದ ಕಾಯಿಲೆ ಬಂದೋರಿಗೆ ಅಂತಾನೇ ಬೇರೆ ವಾರ್ಡಿದೆಯಂತೆ. ಉಸಿರಿನ ಮಿಷಿನ್ನು, ಔಷಧಿ ಎಲ್ಲಾ ಪುಕ್ಕಟೆ. ಆದ್ರೆ ಕೆಲಸ ಕೊಟ್ಟೋರು ಬರ್ಕೊಡ್ಬೇಕು, ಏನು ಮಾಡ್ತಿದ್ಲು, ಎಷ್ಟು ವರ್ಷ ಮಾಡಿದ್ಲು ಅಂತ."

"ಸುಡೋ ಕೆಲಸ ಅಂತಾನೇ ಬರೀಬೇಕಾ?"

"ಮತ್ತೆ? ನಿಮ್ಮ ಅಂಗಳದಲ್ಲಿ ಕುಂತು ಕಸೂತಿ ಹಾಕ್ತಿದ್ಲು ಅಂತ ಬರೀತೀರಾ?"

ತೂಕದಣ್ಣ ನಗಲು ನೋಡಿದ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ, ಇದರ ಒಂದು ಪ್ರತಿ ಮಾಲಿನ್ಯ ತಡೆಯುವ ಕಚೇರಿಗೆ ಹೋಗುತ್ತದೆ ಎಂದು ಅಚ್ಚಾಗಿತ್ತು. ಬಯಲಲ್ಲಿ ವೈರು ಸುಡಬಾರದೆಂಬ ಕಾನೂನು ಬಂದು ವರ್ಷಗಳೇ ಆಗಿದ್ದವು.

"ಇಟ್ಟು ಹೋಗಕ್ಕ. ಕನ್ನಡಕ ಮನೇಲಿದೆ," ಎಂದ.

ಕನ್ನಡಕ ಅವನ ಹಣೆಯ ಮೇಲೇ ಇತ್ತು. ಸಿಪ್ಪೆಯಕ್ಕ ಅದನ್ನು ನೋಡಿದಳು. ನೋಡಿದೆ ಎಂದು ಹೇಳಲಿಲ್ಲ. ಕಾಗದದ ಮೇಲೆ ಒಂದು ಬೋಲ್ಟು ಇಟ್ಟು, ಹಾರಿಹೋಗದ ಹಾಗೆ ಮಾಡಿ ಹೊರಟಳು.

ಆ ಬೋಲ್ಟು ಮೂರು ವಾರ ಅಲ್ಲೇ ಇತ್ತು. ತೂಕದಣ್ಣ ದಿನಾ ಅದನ್ನು ಎತ್ತಿ, ಕಾಗದ ಓದಿ, ಮತ್ತೆ ಅಲ್ಲೇ ಇಡುತ್ತಿದ್ದ. ಅವನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಕಚೇರಿಯವರು ಬಂದು ಅಂಗಳಕ್ಕೆ ಬೀಗ ಜಡಿದರೆ ಹನ್ನೊಂದು ಮನೆಗಳ ಒಲೆ ಆರುತ್ತದೆ. ಒಬ್ಬಳಿಗೋಸ್ಕರ ಹನ್ನೊಂದು ಮನೆಯೇ ಎಂದು ತನ್ನನ್ನೇ ಕೇಳಿಕೊಂಡ. ಈ ಲೆಕ್ಕ ಅವನಿಗೆ ಬಹಳ ನ್ಯಾಯವಾಗಿ ಕಂಡಿತು. ಇಷ್ಟು ಚೆನ್ನಾಗಿ ಹೊಂದಿಕೊಂಡ ಲೆಕ್ಕವನ್ನು ಬೇರೆ ಯಾರಾದರೂ ತಂದಿದ್ದರೆ ಅವನೇ ತಟ್ಟೆಯಡಿ ಕೈ ಹಾಕಿ ಆಯಸ್ಕಾಂತ ಹುಡುಕುತ್ತಿದ್ದ. ಅವಳಿಗೆ ಸುಡುವ ಕೆಲಸ ಬಿಡಿಸಿ ಬಾಟಲಿ ಆರಿಸುವ ಕೆಲಸ ಕೊಟ್ಟ, ಹಾಲಿನ ಲೋಟವನ್ನು ದೊಡ್ಡದು ಮಾಡಿದ, ಪೇಟೆಯಿಂದ ಕೆಮ್ಮಿನ ಔಷಧಿಯ ಎರಡು ಬಾಟಲಿ ತಂದುಕೊಟ್ಟ. ಅವಳು ಎಲ್ಲವನ್ನೂ ತೆಗೆದುಕೊಂಡಳು. ಸಹಿಯ ಸುದ್ದಿ ಎತ್ತಲಿಲ್ಲ. ಬಾಟಲಿ ಆರಿಸುತ್ತ ಕೆಮ್ಮುತ್ತಿದ್ದಳು, ಅಷ್ಟೇ. ಗುಂಡಿಯಲ್ಲಿ ಸಲಾಕೆ ಈಗ ಇನ್ನೊಬ್ಬನ ಕೈಗೆ ಹೋಗಿತ್ತು.

ಸಮಿತಿಯ ಮೊದಲ ಸಭೆ ಹತ್ತಿರ ಬಂತು. ಗುರುಗಳಿಗೆ ಒಂದು ಚಿಂತೆ. "ತಗ್ಗಿನ ಓಣಿಯಿಂದ ಒಬ್ಬರೂ ಮಂದಿರಕ್ಕೆ ಬರಲ್ಲ. ಯಾಕೆ ಅಂತ ಕೇಳಿ ಅಣ್ಣ. ನಿಮ್ಮ ಜನವೇ ಅಲ್ವಾ, ನೀವು ಕರೆದರೆ ಬರ್ತಾರೆ," ಎಂದು ಆಹ್ವಾನ ಪತ್ರಿಕೆಗಳ ಕಟ್ಟನ್ನು ಅವನ ಕೈಗಿಟ್ಟರು. ಹದಿನಾಲ್ಕು ವರ್ಷ ಊರು ಸುತ್ತಿ ತಪ್ಪಿಸಿಕೊಂಡ ಓಣಿಗೆ ತೂಕದಣ್ಣ ಹೀಗೆ ದೇವರ ಕೆಲಸದ ಮೇಲೆ ಇಳಿದ.

ಹೊತ್ತು ಇನ್ನೂ ಹನ್ನೊಂದು ಗಂಟೆ, ಬಿಸಿಲು ಚೆನ್ನಾಗಿತ್ತು. ಹಗ್ಗದ ತುಂಬ ಬಟ್ಟೆ. ಸಿಪ್ಪೆಯಕ್ಕ ಅಂದು ಕೆಲಸಕ್ಕೆ ಬಂದಿರಲಿಲ್ಲ. ಹೊಸ್ತಿಲ ಮೇಲೆ ಎರಡು ದಿಂಬು ಒರಗಿಸಿಕೊಂಡು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಪಕ್ಕದ ಮನೆಯಾಕೆ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಏನಣ್ಣ, ದಾರಿ ತಪ್ತಾ?" ಎಂದಳು ಸಿಪ್ಪೆಯಕ್ಕ.

"ಇಲ್ಲಕ್ಕ. ಕರೆಯೋಕೆ ಬಂದೆ. ಮಂದಿರದಲ್ಲಿ ಸಭೆ ಇದೆ, ಸೃಷ್ಟಿ ರಕ್ಷಣಾ ಸಮಿತೀದು."

"ಅದರಲ್ಲಿ ಏನ್ ಮಾಡ್ತಾರೆ?"

"ಗಿಡ ನೆಡೋದು, ನೀರು ಉಳಿಸೋದು, ಗಾಳಿ..."

"ಹೇಳಿ, ಗಾಳಿ?"

"ಗಾಳಿ ಶುದ್ಧ ಇಟ್ಕೊಳ್ಳೋದು."

ಬಟ್ಟೆ ಹಿಂಡುತ್ತಿದ್ದಾಕೆ ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಭುಜ ಕುಣಿಯುವುದನ್ನು ಮಾತ್ರ ಮುಚ್ಚಿಕೊಳ್ಳಲಾಗಲಿಲ್ಲ. "ಅಧ್ಯಕ್ಷರು ಯಾರಣ್ಣ?" ಎಂದು ಕೇಳಿದಳು. ತೂಕದಣ್ಣ ಉತ್ತರ ಕೊಡಬೇಕಾಗಿ ಬರಲಿಲ್ಲ. ಅಷ್ಟರಲ್ಲಿ ಒಂದು ಮಹಡಿಯ ಮೇಲಿನಿಂದ ಯಾರೋ ಹೆಂಗಸು, "ಟೇಪು ತಿರುಗ್ತು," ಎಂದು ಕೂಗಿದಳು.

ಕೂಗಿನಲ್ಲಿ ಗಾಬರಿಯೇನೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂತು ಎನ್ನುವ ಹಾಗಿತ್ತು. ಆದರೆ ಓಣಿ ಎದ್ದು ನಿಂತಿತು. ಒದ್ದೆ ಬಟ್ಟೆಗಳು ಹಗ್ಗದಿಂದ ಸರಸರ ಇಳಿದವು. ಕಿಟಕಿಗಳು ಒಂದರ ಹಿಂದೊಂದು ಮುಚ್ಚಿದವು. ನೀರಿನ ಕೊಡಗಳ ಮೇಲೆ ತಟ್ಟೆ ಬಿದ್ದವು. ಪಕ್ಕದ ಮನೆಯಾಕೆ ನಗು ನುಂಗಿ, ಹಿಂಡಿದ ಸೀರೆಯನ್ನು ಉದ್ದಕ್ಕೆ ಸುತ್ತಿ ಬಾಗಿಲ ಅಡಿಯ ಸಂದಿಗೆ ತುರುಕಿದಳು. ತೂಕದಣ್ಣ ಕತ್ತೆತ್ತಿ ನೋಡಿದ. ಅಲ್ಲಿಂದ ಅವನ ಪೈಪು, ಅದರ ತುದಿಯ ಕಪ್ಪು ಟೇಪು, ಬಿಸಿಲಿಗೆ ಮಿಂಚುತ್ತ, ನೇರ ಅವನ ಮುಖಕ್ಕೇ ಕೈ ಚಾಚಿತ್ತು. ಅದನ್ನು ನೋಡುವವನು ತಾನೊಬ್ಬನೇ ಎಂದು ಅವನು ಇಷ್ಟು ವರ್ಷ ತಿಳಿದಿದ್ದ.

"ಇವತ್ತು ಬೆಂಕಿ ಇಲ್ವಲ್ಲ," ಎಂದ. "ನಾನು ಇಲ್ಲೇ ಇದೀನಿ. ನಾನು ಹೇಳದೆ ಯಾರೂ ಹಚ್ಚಲ್ಲ."

"ನಮಗೇನು ಗೊತ್ತು? ನೀವು ನಮಗೆ ಹೇಳಿ ಹಚ್ತೀರಾ?" ಎಂದಳು ಸಿಪ್ಪೆಯಕ್ಕ. "ಅದು ಇತ್ಲಾಗೆ ತಿರುಗಿದ್ರೆ ಮುಚ್ಕೋಬೇಕು. ಮಂದಿರದ ಕಡೆ ತಿರುಗಿದ್ರೆ ಕಂಬಳಿ ಒಗೆದು ಹಾಕ್ಬೋದು. ಈ ಓಣೀಲಿ ಹುಟ್ಟಿದ ಕೂಸಿಗೂ ಗೊತ್ತು."

ಅವಳಿಗೆ ಕೆಮ್ಮು ಬಂತು. ಮೊಣಕಾಲು ಹಿಡಿದು, ಬಗ್ಗಿ, ಮುಗಿಯುವ ತನಕ ಕೆಮ್ಮಿದಳು. ತೂಕದಣ್ಣ ಆಹ್ವಾನ ಪತ್ರಿಕೆಗಳ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ನಿಂತಿದ್ದ.

"ಒಂದು ಮಾತು ಕೇಳ್ಲಾ ಅಣ್ಣ? ಹೊಗೆ ತನ್ನ ಮನೆ ಕಡೆ ಬರಬಾರದು ಅಂತ ದೇವ್ರೇ ಹೇಳಿದ್ನಾ?"

"ಇಲ್ಲ. ನಾನೇ ಮಾತು ಕೊಟ್ಟೆ."

"ಮತ್ತೆ ಅವನನ್ಯಾಕೆ ನಡುವೆ ಎಳೆದ್ರಿ?"

ಬಂದ ಕೆಲಸವನ್ನಾದರೂ ಮುಗಿಸೋಣವೆಂದು, "ಗುರುಗಳು ಕೇಳಿದಾರೆ, ನೀವ್ಯಾರೂ ಮಂದಿರಕ್ಕೆ ಯಾಕೆ ಬರಲ್ಲ ಅಂತ," ಎಂದ.

"ನಾನು ಬಂದಿದ್ದೆ. ನಿಮಗೆ ನೆನಪಿಲ್ವಾ? ಮಗಳ ಮದುವೆ ಗೊತ್ತಾದ ವಾರ. ಒಗೆದಿರೋ ಸೀರೆನೇ ಉಟ್ಟಿದ್ದೆ, ಆದ್ರೂ ವಾಸನೆ ಹೋಗಿರಲಿಲ್ಲ. ಪಕ್ಕದಲ್ಲಿ ಕೂತಾಕೆ ಮೂಗಿಗೆ ಸೆರಗು ಹಿಡ್ಕೊಂಡು ಆಚೆ ಸರಿದ್ಲು. ನೀವು ತಿರುಗಿ ನೋಡಿದ್ರಿ. ಆಮೇಲೆ ಮತ್ತೆ ಕಣ್ಣು ಮುಚ್ಕೊಂಡ್ರಿ."

ತೂಕದಣ್ಣನಿಗೆ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಆ ದಿನ ಕಣ್ಣು ಮುಚ್ಚಿಕೊಂಡು, ಇವಳು ಬೇಗ ಎದ್ದು ಹೋದರೆ ಸಾಕು ಎಂದು ಬೇಡಿಕೊಂಡಿದ್ದ. ಅವನ ಹೊಗೆ ಮಂದಿರದೊಳಗೆ ಬಂದೇ ಇತ್ತು, ಅವಳ ಸೀರೆಯಲ್ಲಿ. ಹೊರಗೆ ಹೋದದ್ದು ಮಾತ್ರ ಅವಳು.

"ಸಹಿ ಹಾಕಿದ್ರಾ?" ಎಂದಳು.

"ನಾಳೆ ಕೊಡ್ತೀನಿ."

"ಕನ್ನಡಕ ಸಿಕ್ತಾ?"

"ಸಿಕ್ತಕ್ಕ," ಎಂದು ಅವನು ನೆಲ ನೋಡುತ್ತ ಹೊರಟ.

ನಾಳೆ ಕೊಡಲಿಲ್ಲ. ನಾಳೆಯ ಮರುದಿನ ಸಭೆ ಇತ್ತು. ತೂಕದಣ್ಣ ಎರಡು ದಿನ ಊಟ ಸೇರದೆ ಒದ್ದಾಡಿ ಕೊನೆಗೆ, ದೇವರಿಗೆ ಕೊಟ್ಟ ಮಾತಿನಿಂದ ಆದ ತಪ್ಪನ್ನು ದೇವರ ಮುಂದೆಯೇ ಹೇಳಿಬಿಡುವುದು ಸರಿ ಎಂಬ ತೀರ್ಮಾನಕ್ಕೆ ಬಂದ. ತಗ್ಗಿನ ಓಣಿಯಿಂದ ಯಾರೂ ಬಂದಿರಲಿಲ್ಲ. ಹಿಂದಿನ ನಾಲ್ಕು ಸಾಲು ಕುರ್ಚಿ ಖಾಲಿಯಿದ್ದವು. ಅಧ್ಯಕ್ಷರ ಮಾತು ಎಂದು ಕರೆದಾಗ ಅವನು ಮೈಕು ಹಿಡಿದು ಎಲ್ಲವನ್ನೂ ಹೇಳಿದ: ಗುಂಡಿ, ಟೇಪು, ಗಾಳಿ, ಓಣಿಯ ಕಿಟಕಿಗಳು. ಕಣ್ಣಲ್ಲಿ ನೀರು ಬಂತು. ಹೇಳಿ ಮುಗಿಸಿ, ಈಗ ಇವರೆಲ್ಲ ನನ್ನನ್ನು ಏನು ಮಾಡುತ್ತಾರೋ ಮಾಡಲಿ ಎಂದು ಕೈಕಟ್ಟಿ ನಿಂತ.

ಅವರು ಚಪ್ಪಾಳೆ ತಟ್ಟಿದರು.

ಒಬ್ಬರು ಎದ್ದು ಬಂದು ಅಪ್ಪಿಕೊಂಡರು. ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು ಎಂದರು ಇನ್ನೊಬ್ಬರು. ದೇವರು ಕ್ಷಮಿಸುತ್ತಾನೆ, ನಾವೂ ಕ್ಷಮಿಸಿದ್ದೇವೆ ಎಂದು ಮುಂದಿನ ಸಾಲಿನ ಹಿರಿಯರು ಘೋಷಿಸಿದರು. ಗುರುಗಳು ಮಾತ್ರ ಏನೋ ಕೇಳುವವರಂತೆ ಬಾಯಿ ತೆರೆದು, ಚಪ್ಪಾಳೆಯ ಸದ್ದಿನಲ್ಲಿ ಸುಮ್ಮನಾದರು. ತೂಕದಣ್ಣ ಹಗುರಾಗಿ ಮನೆಗೆ ಬಂದ. ಆ ಹಗುರ ಊಟದ ತಟ್ಟೆಯ ತನಕ ಉಳಿಯಿತು.

"ಎಲ್ಲರೂ ಕ್ಷಮಿಸಿದ್ರು ಕಣೆ," ಎಂದ ಹೆಂಡತಿಗೆ.

"ಅವರಿಗೇನು ಕಷ್ಟ? ಅವರ ಮನೆಗೆ ಹೊಗೆ ಹೋಗಿತ್ತಾ?" ಬಡಿಸುತ್ತಿದ್ದ ಸೌಟನ್ನು ಅವಳು ಪಾತ್ರೆಯಲ್ಲೇ ಬಿಟ್ಟಳು. "ದೇವರಿಗೆ ಹೇಳಿದ್ರಿ, ಸರಿ. ದೇವರು ಕೆಮ್ತಿದ್ನಾ? ಆ ಕಾಗದ ಇನ್ನೂ ನಿಮ್ಮ ಮೇಜಿನ ಮೇಲೇ ಇದೆಯಲ್ರೀ. ಮೈಕಲ್ಲಿ ಅಳೋಕೆ ಆಗುತ್ತೆ, ಪೆನ್ನು ಹಿಡಿಯೋಕೆ ಆಗಲ್ವಾ?"

ತೂಕದಣ್ಣ ಕೈ ತೊಳೆದು ಎದ್ದ. ಮಧ್ಯಾಹ್ನದ ಬಿಸಿಲಲ್ಲೇ ಅಂಗಳಕ್ಕೆ ಹೋಗಿ, ಬೋಲ್ಟು ಸರಿಸಿ, ಕನ್ನಡಕ ಇಳಿಸಿಕೊಂಡು ಬರೆಯಲು ಕೂತ. ಏನು ಕೆಲಸ: ವೈರು ಸುಡುವುದು. ಎಷ್ಟು ವರ್ಷ: ಹದಿನಾಲ್ಕರ ಮೇಲೆ. ಯಾರ ಆದೇಶದಿಂದ: ನನ್ನ. ಇಷ್ಟರ ತನಕ ಪೆನ್ನು ಓಡಿತು. ಮುಂದಿನ ಪ್ರಶ್ನೆ, ಕೆಲಸಗಾರರ ರಕ್ಷಣೆಗೆ ಏನು ಒದಗಿಸಲಾಗಿತ್ತು ಎಂದಿತ್ತು. ಅವನು ಬಹಳ ಹೊತ್ತು ಆ ಖಾಲಿ ಗೆರೆಯನ್ನು ನೋಡಿದ. ಏನಾದರೂ ಇದ್ದೀತೇ ಎಂದು ಹದಿನಾಲ್ಕು ವರ್ಷವನ್ನೂ ಜಾಲಾಡಿದ. ಆಮೇಲೆ, 'ಒಂದು ಲೋಟ ಹಾಲು' ಎಂದು ಬರೆದು ಸಹಿ ಹಾಕಿದ.

ಓಣಿಗೆ ಹೋದರೆ ಸಿಪ್ಪೆಯಕ್ಕನ ಬಾಗಿಲಿಗೆ ಬೀಗ. "ನಿನ್ನೆ ಬೆಳಗ್ಗೆನೇ ಕರ್ಕೊಂಡು ಹೋದ್ರು. ಉಸಿರು ಸಿಗ್ತಿರಲಿಲ್ಲ," ಎಂದಳು ಪಕ್ಕದ ಮನೆಯಾಕೆ. ಈ ಸಲ ಅವಳು ನಗಲಿಲ್ಲ. ಎದೆರೋಗದ ಆಸ್ಪತ್ರೆಯಲ್ಲಿ ಹುಡುಕಿದಾಗ ಅವಳು ಸಿಕ್ಕಿದ್ದು ಸಾಮಾನ್ಯ ವಿಭಾಗದ ಮೊಗಸಾಲೆಯಲ್ಲಿ, ಚಾಪೆಯ ಮೇಲೆ ಗೋಡೆಗೆ ಒರಗಿಕೊಂಡು. ಮಗಳು ಪಕ್ಕದಲ್ಲಿ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ತೂಕದಣ್ಣ ಕಾಗದ ಕೊಟ್ಟ. ಮಗಳು ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಓಡಿದಳು. ಸಂಜೆಯೊಳಗೆ ಸಿಪ್ಪೆಯಕ್ಕ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಂಚದ ಮೇಲಿದ್ದಳು. ಅಷ್ಟು ಸುಲಭದ ಕೆಲಸ ಅದು.

ಅವಳು ಬಿಡುಗಡೆಯಾದ ದಿನ ಡಾಕ್ಟರು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಮಾತಾಡಿದರು. ತೂಕದಣ್ಣ ಎದೆ ಗಟ್ಟಿ ಮಾಡಿಕೊಂಡು ಕೇಳಿದ: "ಕಾಗದ ಕೊಡೋದು ನಾನು ಮೂರು ವಾರ ತಡ ಮಾಡಿದೆ. ಅದಕ್ಕೇ ಹೀಗಾಯ್ತಾ?"

"ಆ ಮೂರು ವಾರ ಅವರು ಸುಮ್ಮನೆ ಸಂಕಟಪಟ್ಟರು, ಅದು ನಿಜ. ಆದರೆ ಈ ಎದೆ ಮೂರು ವಾರದಲ್ಲಿ ಕೆಟ್ಟಿದ್ದಲ್ಲ," ಎಂದರು ಡಾಕ್ಟರು. "ಇದು ವರ್ಷಗಳದ್ದು. ಹೆಚ್ಚಾಗದ ಹಾಗೆ ನೋಡ್ಕೋಬಹುದು, ವಾಸಿ ಆಗಲ್ಲ. ವಾರಕ್ಕೆ ಮೂರು ಸಲ ಬಂದು ಮಿಷಿನ್ ಹಾಕಿಸ್ಕೋಬೇಕು."

ಒಂದು ಕಿಲೋ ಮಾಲಿಗೆಂದು ಚೀಲ ತಂದವನ ಮುಂದೆ ಒಂದು ಲಾರಿ ಲೋಡು ಸುರಿದ ಹಾಗಾಯಿತು.

ಕಚೇರಿಯವರು ಬಂದರು. ದಂಡ ಹಾಕಿದರು, ಗುಂಡಿ ಮುಚ್ಚಿಸಿದರು, ಪೈಪು ಕೀಳಿಸಿದರು. ಅಂಗಳಕ್ಕೆ ಬೀಗ ಬೀಳಲಿಲ್ಲ. ಸುಡುವುದು ನಿಂತ ಮೇಲೆ ಸುಲಿಯುವ ಕೈಗಳು ಸಾಲದೆ, ಹನ್ನೊಂದು ಮನೆಯ ಜಾಗದಲ್ಲಿ ಹದಿನಾಲ್ಕು ಮನೆಯವರಿಗೆ ಕೆಲಸ ಸಿಕ್ಕಿತು. ಸಣ್ಣ ವ್ಯತ್ಯಾಸ ಎಂದರೆ ತೂಕದಣ್ಣನ ಲಾಭ ಅರ್ಧಕ್ಕಿಳಿಯಿತು. ಮೂರು ವಾರ ಅವನು ಕಾಪಾಡಿಕೊಂಡದ್ದು ಆ ಅರ್ಧವನ್ನೇ. ಹನ್ನೊಂದು ಒಲೆಗಳ ಹೆಸರು ಹೇಳಿಕೊಂಡಿದ್ದ ಅಷ್ಟೇ. ಹೊರಗಿನವರು ಯಾರೂ ಇದನ್ನು ಅವನಿಗೆ ಎತ್ತಿ ತೋರಿಸಲಿಲ್ಲ. ಅದಕ್ಕೇ ಅದು ಒಳಗೇ ಕೂತು ಕೊರೆಯಿತು. ಅಧ್ಯಕ್ಷಗಿರಿಯನ್ನು ಬಿಟ್ಟ. ಗುರುಗಳು ಬೇಡವೆನ್ನಲಿಲ್ಲ, ಮುಂದಿನ ಸಭೆಯನ್ನು ತಗ್ಗಿನ ಓಣಿಯಲ್ಲೇ, ಹಗ್ಗದ ಬಟ್ಟೆಗಳ ಕೆಳಗೆ ಕರೆದರು. ಮುಂದಿನ ಸಾಲಿನ ಹಿರಿಯರಿಗೆ ಆ ದಿನ ಬೇರೆ ಕೆಲಸಗಳಿದ್ದವು.

ವಾರಕ್ಕೆ ಮೂರು ಬೆಳಗ್ಗೆ ತೂಕದಣ್ಣ ತನ್ನ ಗೂಡ್ಸ್ ಗಾಡಿಯಲ್ಲಿ ಸಿಪ್ಪೆಯಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಅದು ಮಂದಿರಕ್ಕೆ ಹೋಗುವ ಹೊತ್ತೇ. ಆ ಮೂರು ದಿನ ಎರಡನೇ ಕಂಬದ ಜಾಗ ಖಾಲಿ. ಅವಳು ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ. ದಾರಿಯುದ್ದಕ್ಕೂ ಅವನ ಡ್ರೈವಿಂಗಿಗೆ ಹೆಸರಿಡುತ್ತಾಳೆ, ಹೊಸಬರು ಸುಲಿದ ತಾಮ್ರ ಹೇಗಿದೆ ಎಂದು ವಿಚಾರಿಸುತ್ತಾಳೆ, ಹೆಬ್ಬೆರಳಲ್ಲಿ ಒತ್ತುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ಆಕ್ಷೇಪಿಸುತ್ತಾಳೆ. ಹೊಗೆಯ ವಿಷಯ ಇಬ್ಬರೂ ಆಡುವುದಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ, ಆಸ್ಪತ್ರೆಯಿಂದ ಬರುವಾಗ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತ್ತು. ತೂಕದಣ್ಣ ಎದುರಿನ ಕೆಂಪು ದೀಪವನ್ನೇ ನೋಡುತ್ತ, "ಅಕ್ಕ, ಮಂದಿರದಲ್ಲಿ ಎಲ್ಲರೂ ಕ್ಷಮಿಸಿಬಿಟ್ರು. ನೀನು ಏನೂ ಹೇಳಲಿಲ್ಲ," ಎಂದ.

ಸಿಪ್ಪೆಯಕ್ಕ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ.

"ಕೆಮ್ಮು ಹೋದ ದಿನ ಕೇಳಿ ಅಣ್ಣ," ಎಂದಳು.

ಡಾಕ್ಟರ ಮಾತನ್ನು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕೇಳಿದ್ದರು. ತೂಕದಣ್ಣ ತಲೆಯಾಡಿಸಿ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದ ಮೇಲೆ ಗೇರು ಹಾಕಿದ. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ಕೆಮ್ಮು ಬಂತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಅದು ಮುಗಿಯುವ ತನಕ ಕಾದ.